ಜತ್ತ ತಾಲ್ಲೂಕಿನ ಶಾಲೆ ಮತ್ತು ಇಂಗ್ಲಿಷಿನ ಮಿಶ್ರ ಷರತ್ತು

ಎಂದೋ ನಡೆಯದೆ ಹೋದ ಸಂಗತಿಯೊಂದು ನಡೆದಿದ್ದರೆ ಇಂದಿನ ಸ್ಥಿತಿ ಬೇರೆ ಇರುತ್ತಿತ್ತು ಎಂದು ಹೇಳುವ ವಾಕ್ಯವನ್ನು ಇಂಗ್ಲಿಷ್ ವ್ಯಾಕರಣ ಮಿಶ್ರ ಷರತ್ತಿನ ವಾಕ್ಯ, ಅಂದರೆ ಮಿಕ್ಸ್‌ಡ್ ಕಂಡಿಷನಲ್ ಎಂದು ಕರೆಯುತ್ತದೆ. ಇಲ್ಲಿ ಷರತ್ತು ಒಂದು ಕಾಲಕ್ಕೆ ಸೇರಿದರೆ ಫಲ ಇನ್ನೊಂದು ಕಾಲಕ್ಕೆ ಸೇರುತ್ತದೆ. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಶಾಲೆಯ ಮಕ್ಕಳಿಗೆ ಈ ವಾಕ್ಯದ ಉದಾಹರಣೆಯನ್ನು ಲಂಡನ್ನಿನ ಪುಸ್ತಕದಿಂದ ತರಬೇಕಾಗಿಲ್ಲ. ಅವರ ತಾಲ್ಲೂಕಿನ ಚರಿತ್ರೆಯೇ ಆ ಅಚ್ಚಿನಲ್ಲಿದೆ.

17ನೇ ಶತಮಾನದಲ್ಲಿ ಡಫಳಾಪುರದ ಪಾಟೀಲ ಮನೆತನದ ಸಟವಾಜಿ ಚವ್ಹಾಣ ವಿಜಾಪುರದ ಆದಿಲ್‌ಶಾಹಿಯಿಂದ ದೇಶಮುಖಿ ಪಡೆದ. ಅವನ ವಂಶದವರು ಡಫಳೆ ಎನಿಸಿಕೊಂಡರು. ಅವರ ಜತ್ತ ಜಹಗೀರು ಮುಂದೆ ಸಾತಾರೆಯ ಅಧೀನಕ್ಕೆ ಬಂತು, 1849ರಲ್ಲಿ ಸಾತಾರಾ ಸಂಸ್ಥಾನ ಬ್ರಿಟಿಷರ ಪಾಲಾದಾಗ ಅವರ ಮೇಲ್ವಿಚಾರಣೆಗೆ ಒಳಗಾಯಿತು. ಆಮೇಲೆ ಬಹುಕಾಲ ವಿಜಾಪುರದ ಕಲೆಕ್ಟರೇ ಇಲ್ಲಿನ ಪೊಲಿಟಿಕಲ್ ಏಜೆಂಟ್. ಜತ್ತ ಸಂಸ್ಥಾನದ ಅರಮನೆಯ ಭಾಷೆ ಮರಾಠಿ. ಪೂರ್ವದ ಹಳ್ಳಿಗಳಾದ ಉಮದಿ, ಸಂಖ, ತಿಕ್ಕುಂಡಿ, ಗುಡ್ಡಾಪುರಗಳ ಮನೆಮಾತು ಬಹುಮಟ್ಟಿಗೆ ಕನ್ನಡ. ಎರಡು ಭಾಷೆಗಳ ನಡುವೆ ಓಡಾಡುವುದು ಇಲ್ಲಿ ಶಾಲೆ ಕಲಿಸಿದ ವಿದ್ಯೆಯಲ್ಲ, ಅದಕ್ಕೂ ಹಿಂದಿನದು.

1948ರ ಮಾರ್ಚ್ 8ರಂದು ಜತ್ತ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1949ರ ಆಗಸ್ಟ್ 1ರಂದು ಹೊಸದಾಗಿ ಹುಟ್ಟಿದ ದಕ್ಷಿಣ ಸಾತಾರಾ ಜಿಲ್ಲೆಗೆ ಅದು ಸೇರಿತು. ಅದೇ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂತು. ನಿರ್ಣಾಯಕ ತಿರುವು 1949ರ ಆ ಸೇರ್ಪಡೆಯೇ. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ ಹೋಯಿತು, ಜತ್ತ ಮುಂಬಯಿಯಲ್ಲೇ ಉಳಿಯಿತು. ಹಳೆಯ ಸಂಬಂಧವನ್ನು ಹಿಡಿದು 1949ರಲ್ಲಿ ಜತ್ತವನ್ನು ವಿಜಾಪುರಕ್ಕೆ ಜೋಡಿಸಿದ್ದರೆ ಇಂದು ಇಲ್ಲಿನ ಹತ್ತನೆಯ ತರಗತಿಯ ಮಕ್ಕಳು ಕೊಲ್ಹಾಪುರ ವಿಭಾಗೀಯ ಮಂಡಳಿಯ ಪರೀಕ್ಷೆಯ ಬದಲು ಕರ್ನಾಟಕದ ಎಸ್‌ಎಸ್‌ಎಲ್‌ಸಿ ಬರೆಯುತ್ತಿರುತ್ತಿದ್ದರು. ಷರತ್ತು 1949ರದು, ಫಲ ಇಂದಿನದು. ಇದು ಮಿಶ್ರ ಷರತ್ತಿನ ಶುದ್ಧ ರೂಪ. ಇಂಥದೇ ಇನ್ನೊಂದು ವಾಕ್ಯಕ್ಕೆ ಗಡಿ ವಿವಾದದ ಬಗೆಗಿನ 1967ರ ಮಹಾಜನ ಆಯೋಗದ ವರದಿ ಆಧಾರವಾಗುತ್ತದೆ. ಮಹಾರಾಷ್ಟ್ರದ 247 ಗ್ರಾಮಗಳು ಕರ್ನಾಟಕಕ್ಕೆ ಸೇರಬೇಕೆಂದು ಅದು ಶಿಫಾರಸು ಮಾಡಿತು, ಜತ್ತ ತಾಲ್ಲೂಕಿನ ಹಳ್ಳಿಗಳೂ ಅವುಗಳಲ್ಲಿದ್ದವು. ಶಿಫಾರಸು ಜಾರಿಯಾಗಲಿಲ್ಲ.

ಇಂಗ್ಲಿಷ್ ಇಲ್ಲಿನ ಶಾಲೆಗೆ ಬಂದದ್ದು ಮೊದಲು ಮುಂಬಯಿ, ಆಮೇಲೆ ಮಹಾರಾಷ್ಟ್ರ ಸರಕಾರಗಳ ಧೋರಣೆಯಂತೆ. ವಿಲೀನದ ಹೊತ್ತಿಗೆ ಬಿ.ಜಿ. ಖೇರರ ಮುಂಬಯಿ ಸರಕಾರ ಇಂಗ್ಲಿಷನ್ನು ಎಂಟನೆಯ ಇಯತ್ತೆಯವರೆಗೆ ಹಿಂದಕ್ಕೆ ತಳ್ಳಿತ್ತು. ಮಹಾರಾಷ್ಟ್ರ 2000ದಲ್ಲಿ ಅದನ್ನು ಒಂದನೆಯ ಇಯತ್ತೆಗೇ ತಂದಿತು. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಪಠ್ಯಪುಸ್ತಕ ಮಂಡಳಿ, ಜನರು ಬಾಲಭಾರತಿ ಎನ್ನುವುದು, ಕನ್ನಡ ಮಾಧ್ಯಮಕ್ಕೂ ಪುಸ್ತಕ ಅಚ್ಚುಹಾಕುತ್ತದೆ. ಹೀಗಾಗಿ ಜತ್ತದ ಕನ್ನಡ ಶಾಲೆಯ ಮಗುವಿನ ಪಾಟಿಚೀಲದಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಇರುತ್ತವೆ.

ವ್ಯಾಕರಣ ಪುಸ್ತಕಗಳ ಕಥೆ ಬೇರೆ. ಭಾರತದ ಶಾಲೆಗಳಲ್ಲಿ ಮನೆಮಾತಾದ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಬಂದದ್ದು 1930ರ ದಶಕದಲ್ಲಿ. ಅದರ ಇಬ್ಬರು ಲೇಖಕರಲ್ಲಿ ಒಬ್ಬನಾದ ಪಿ.ಸಿ. ರೆನ್ ಆಗಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕರಾಚಿಯಲ್ಲಿ ಹೆಡ್‌ಮಾಸ್ತರನಾಗಿದ್ದವನು. ಷರತ್ತಿನ ವಾಕ್ಯಗಳನ್ನು ಒಂದು, ಎರಡು, ಮೂರು ಎಂದು ಎಣಿಸಿ ಕಲಿಸುವ ಕ್ರಮವನ್ನು ಹರಡಿದ ಪುಸ್ತಕಗಳಲ್ಲಿ ಥಾಮ್ಸನ್ ಮತ್ತು ಮಾರ್ಟಿನೆಟ್ ಅವರ 1960ರ ವ್ಯಾಕರಣ ಪ್ರಮುಖ. ಪರೀಕ್ಷೆಗೆ ಈ ಎಣಿಕೆ ಅನುಕೂಲ. ಆದರೆ ಅದು ಒಂದು ಹಾನಿಯನ್ನೂ ಮಾಡಿತು: ವಾಕ್ಯದ ಎರಡು ತುಂಡುಗಳೂ ಒಂದೇ ಕಾಲದವು ಎಂಬ ನಂಬಿಕೆಯನ್ನು ಬೇರೂರಿಸಿತು. ಹಾಗಲ್ಲದ ವಾಕ್ಯಗಳಿಗೆ ಪಾಠದ ಕೊನೆಯಲ್ಲಿ, ವಿನಾಯಿತಿ ಎಂಬಂತೆ, ಮಿಶ್ರ ಎಂಬ ಹೆಸರು ಸಿಕ್ಕಿತು.

ಮಳೆ ಕೈಕೊಡುವ ಜತ್ತ ತಾಲ್ಲೂಕಿನಲ್ಲಿ ಇಂಥ ವಾಕ್ಯ ವಿನಾಯಿತಿಯಲ್ಲ, ನಿತ್ಯದ ಮಾತು. ‘ಉತ್ತರಿ ಮಳಿ ಆಗಿದ್ರ ಈಗ ಹೊಲದಾಗ ಜ್ವಾಳ ಇರ್ತಿತ್ತು’ ಎಂಬ ಮಾತನ್ನು ತೆಗೆದುಕೊಳ್ಳಬಹುದು; ಉತ್ತರಿ ಎಂದರೆ ಸೆಪ್ಟೆಂಬರಿನ ಮಳೆ. ಮರಾಠಿಯಲ್ಲಿ ಅದು ‘ಪಾವೂಸ್ ಪಡಲಾ ಅಸತಾ ತರ್ ಆತಾ ಶೇತಾತ್ ಜ್ವಾರೀ ಅಸತೀ’ ಆಗುತ್ತದೆ. ಇಂಗ್ಲಿಷಿನಲ್ಲಿ ‘ಇಫ್ ಇಟ್ ಹ್ಯಾಡ್ ರೇನ್ಡ್ ಇನ್ ಸೆಪ್ಟೆಂಬರ್, ದೇರ್ ವುಡ್ ಬಿ ಜೋವಾರ್ ಇನ್ ದ ಫೀಲ್ಡ್ ನೌ’. ಎರಡೂ ತುಂಡುಗಳು ಕಳೆದ ಕಾಲದವಾಗಿರುವ ಮೂರನೆಯ ಬಗೆಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ‘ವುಡ್ ಬಿ’ ಇರಬೇಕಾದಲ್ಲಿ ‘ವುಡ್ ಹ್ಯಾವ್ ಬೀನ್’ ಬರೆಯುವ ಸಂಭವ ಹೆಚ್ಚು. ಮೊದಲ ತುಂಡಿನಲ್ಲಿ ‘ಹ್ಯಾಡ್’ ಕಂಡೊಡನೆ ಜೋಡಿಯ ಇನ್ನೊಂದು ತುಂಡು ತಾನಾಗಿ ಬಾಯಿಗೆ ಬರುತ್ತದೆ. ಕನ್ನಡದ ‘ಇರ್ತಿತ್ತು’ ಕೂಡ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಆ ಒಂದೇ ರೂಪ ಹೋದ ವರ್ಷದ ಬೆಳೆಗೂ ಈ ಹೊತ್ತಿನ ಬೆಳೆಗೂ ಸಲ್ಲುತ್ತದೆ. ಕಾಲವನ್ನು ಗೊತ್ತುಮಾಡುವುದು ‘ಈಗ’ ಎಂಬ ಮಾತು. ಇಂಗ್ಲಿಷಿನಲ್ಲಿ ‘ನೌ’ ಒಂದೇ ಸಾಲದು, ಕ್ರಿಯಾಪದವೂ ಅದರೊಂದಿಗೆ ಬದಲಾಗಬೇಕು. ಆದ್ದರಿಂದ ಬಗೆಗಳ ಸಂಖ್ಯೆಯನ್ನು ಬದಿಗಿಟ್ಟು, ಪ್ರತಿ ತುಂಡಿಗೂ ‘ಇದು ಯಾವಾಗಿನ ಮಾತು?’ ಎಂದು ಬೇರೆಬೇರೆಯಾಗಿ ಕೇಳಿಸುವುದೇ ಸರಿಯಾದ ಬೋಧನೆ. ಷರತ್ತು ಕಳೆದುಹೋದದ್ದಾದರೆ ‘ಹ್ಯಾಡ್’ ಮತ್ತು ಕ್ರಿಯೆಯ ಮೂರನೆಯ ರೂಪ. ಫಲ ಇಂದಿನದಾದರೆ ‘ವುಡ್’ ಮತ್ತು ಕ್ರಿಯೆಯ ಮೂಲರೂಪ.

ಇದರ ತಿರುವುಮುರುವು ರೂಪವೂ ಉಂಟು. ಅಲ್ಲಿ ಷರತ್ತು ಎಂದಿಗೂ ಇರುವ ಸ್ಥಿತಿ, ಫಲ ಮಾತ್ರ ಕಳೆದುಹೋದದ್ದು. ತಾಲ್ಲೂಕಿನ ಕಚೇರಿ ವ್ಯವಹಾರ ಮರಾಠಿಯಲ್ಲಿ ನಡೆಯುವುದರಿಂದ ಪೂರ್ವಭಾಗದ ಕನ್ನಡಿಗರಿಗೆ ಈ ರೂಪದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ‘ಅವಂಗ ಮರಾಠಿ ಬರ್ತಿದ್ರ ನಿನ್ನಿ ಆ ನೋಟೀಸು ತಿಳೀತಿತ್ತು’. ಇಂಗ್ಲಿಷಿನಲ್ಲಿ ‘ಇಫ್ ಹಿ ನ್ಯೂ ಮರಾಠಿ, ಹಿ ವುಡ್ ಹ್ಯಾವ್ ಅಂಡರ್‌ಸ್ಟುಡ್ ದ ನೋಟಿಸ್ ಯೆಸ್ಟರ್‌ಡೇ’. ಮರಾಠಿ ಬಾರದಿರುವುದು ನಿನ್ನೆಯದಷ್ಟೇ ಅಲ್ಲ, ಇಂದೂ ಹಾಗೆಯೇ ಇದೆ. ಅದಕ್ಕೇ ‘ಹ್ಯಾಡ್ ನೋನ್’ ಅಲ್ಲ, ‘ನ್ಯೂ’. ನೋಟೀಸು ತಿಳಿಯದೆ ಹೋದದ್ದು ನಿನ್ನೆ, ಅದಕ್ಕೆ ‘ವುಡ್ ಹ್ಯಾವ್’.