ಆರ್ಯವೈಶ್ಯರಲ್ಲಿ ಒಂದು ಕಿಣ್ವದ ಕೊರತೆ: ಹಾಸನ ಸೀಮೆಯ ಮಟ್ಟಿಗೆ ಒಂದು ಟಿಪ್ಪಣಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪೇಟೆಬೀದಿಗಳಲ್ಲಿ ಆರ್ಯವೈಶ್ಯ ಮನೆತನಗಳಿವೆ. ಈ ಸಮುದಾಯದಲ್ಲಿ ಉಳಿದವರಿಗಿಂತ ಹೆಚ್ಚಾಗಿ ಕಾಣುವ ಆನುವಂಶಿಕ ಕೊರತೆಯೊಂದಿದೆ: ರಕ್ತದಲ್ಲಿ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಕಿಣ್ವ ಕೆಲಸ ಮಾಡದಿರುವುದು. ಲ್ಯಾಬ್ ಚೀಟಿಯಲ್ಲಿ ಅದರ ಹೆಸರು ಸೂಡೋಕೋಲಿನೆಸ್ಟರೇಸ್. ದಿನನಿತ್ಯದ ಬದುಕಿಗೆ ಇದರಿಂದ ತೊಂದರೆಯಿಲ್ಲ. ಗೊತ್ತಾಗುವುದು ಆಪರೇಷನ್ ಟೇಬಲ್ಲಿನ ಮೇಲೆ.

ಉಸಿರಿನ ನಳಿಗೆ ಇಳಿಸುವ ಮುನ್ನ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್, ಆಸ್ಪತ್ರೆಯವರ ಬಾಯಲ್ಲಿ ಸ್ಕೋಲಿನ್, ಕೊಡುವುದುಂಟು. ಈ ಕಿಣ್ವ ಅದನ್ನು ರಕ್ತದಲ್ಲೇ ಒಡೆಯುವುದರಿಂದ ಬಹುತೇಕರಲ್ಲಿ ಕೆಲವೇ ನಿಮಿಷಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ. ಕಿಣ್ವವಿಲ್ಲದವರಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಹೊಲಿಗೆ ಹಾಕಿ ಮುಗಿದಿರುತ್ತದೆ. ಎದೆ ಏಳುವುದಿಲ್ಲ, ರೆಪ್ಪೆ ಆಡುವುದಿಲ್ಲ. ಅರಿವಳಿಕೆಯ ಮತ್ತು ಇಳಿದುಬಿಟ್ಟಿದ್ದರೆ ಸುತ್ತಲವರ ಮಾತು ಮಾತ್ರ ಕಿವಿಗೆ ಬೀಳುತ್ತಿರುತ್ತದೆ. ವೆಂಟಿಲೇಟರ್ ತೆಗೆಯದೆ, ಮತ್ತನ್ನು ಮುಂದುವರಿಸಿ ಕಾಯುವುದೇ ಚಿಕಿತ್ಸೆ.

ಕೊಯಮತ್ತೂರಿನ ಸಂಶೋಧಕರು 2006ರಲ್ಲಿ ಅಲ್ಲಿನ ವೈಶ್ಯರಲ್ಲಿ ಇದರ ಮೂಲವನ್ನು ಪ್ರಕಟಿಸಿದರು: ಕಿಣ್ವದ 307ನೇ ಸ್ಥಾನದ ಲ್ಯೂಸಿನ್ ಹೋಗಿ ಪ್ರೋಲಿನ್ ಕೂತಿದೆ. ಯುರೋಪಿಯನ್ನರಲ್ಲಿ ಲಕ್ಷಕ್ಕೊಬ್ಬರಿಗೆ ಇರುವ ಕೊರತೆ ಅಲ್ಲಿ 24 ಜನಕ್ಕೊಬ್ಬರಿಗೆ. ಈ ಅಂಕಿಯನ್ನು ಹಾಸನಕ್ಕೆ ಹಾಗೇ ತಂದು ಹಚ್ಚುವಂತಿಲ್ಲ.

ತಪ್ಪನ್ನೆಲ್ಲ ಸೋದರಿಕೆ ಮದುವೆಯ ತಲೆಗೆ ಕಟ್ಟುವುದು ರೂಢಿಯಾಗಿದೆ. ನನಗೆ ಅದು ಅರ್ಧ ಸತ್ಯ. 24ರಲ್ಲಿ ಒಬ್ಬರೆಂದರೆ ಈ ದೋಷದ ಒಂದೇ ಪ್ರತಿ ಹೊತ್ತ ವಾಹಕರು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಾಗುತ್ತಾರೆ. ಸೋದರಮಾವನ ಮಗಳನ್ನು ಬಿಟ್ಟು ಯಾವ ನೆಂಟಸ್ತಿಕೆಯೂ ಇಲ್ಲದ ಹೆಣ್ಣನ್ನು ತಂದರೂ, ಸಮುದಾಯದೊಳಗಿನವಳೇ ಆದರೆ, ಗಂಡಹೆಂಡಿರಿಬ್ಬರೂ ವಾಹಕರಾಗುವ ಸಂಭವ ಒಂಬತ್ತರಲ್ಲಿ ಒಂದು. ಸೋದರಿಕೆ ಅಪಾಯವನ್ನು ಹೆಚ್ಚಿಸುತ್ತದೆ, ನಿಜ. ಆದರೆ ಬೇರಿರುವುದು ಕೆಲವೇ ಪೂರ್ವಜರಿಂದ ಬೆಳೆದು ಶತಮಾನಗಳ ಕಾಲ ತನ್ನೊಳಗೇ ಕೊಟ್ಟು ತಂದ ಇತಿಹಾಸದಲ್ಲಿ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ತಂಡ 2017ರಲ್ಲಿ ದಕ್ಷಿಣ ಏಷ್ಯಾದ ಇಂಥ ಹಲವು ಸಮುದಾಯಗಳನ್ನು ಗುರುತಿಸಿದಾಗ ವೈಶ್ಯರ ಈ ಕೊರತೆಯನ್ನೇ ಉದಾಹರಿಸಿತು.

ಆಲೂಗಡ್ಡೆ, ಹೊಗೆಸೊಪ್ಪು ಬೆಳೆಯುವ ಈ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಆರ್ಗನೋಫಾಸ್ಫೇಟ್ ಕೀಟನಾಶಕ ಮೈಸೇರಿದೆಯೇ ಎಂದು ನೋಡಲು ಅಳೆಯುವುದೂ ಇದೇ ಕಿಣ್ವವನ್ನೇ. ಹುಟ್ಟಿನಿಂದಲೇ ಅದಿಲ್ಲದವರ ರಿಪೋರ್ಟ್, ವಿಷ ಮುಟ್ಟದಿದ್ದರೂ, ವಿಷ ಕುಡಿದವರದರಂತೆಯೇ ಬರುತ್ತದೆ.

ಮನೆಯಲ್ಲಿ ಯಾರಿಗಾದರೂ ಆಪರೇಷನ್ ನಂತರ ಉಸಿರು ತಡವಾಗಿ ಮರಳಿದ್ದರೆ ಆ ಡಿಸ್‌ಚಾರ್ಜ್ ಚೀಟಿಯನ್ನು ಜೋಪಾನವಾಗಿಡಿ. ‘ಮತ್ತಿನ ಇಂಜೆಕ್ಷನ್ ಆಗಿಬರಲ್ಲ’ ಎಂದಷ್ಟೇ ಹೇಳದೆ ಸ್ಕೋಲಿನ್ ಎಂದು ಹೆಸರು ಹಿಡಿದು ಹೇಳಿ. ಒಡಹುಟ್ಟಿದವರಿಗೂ ರಕ್ತಪರೀಕ್ಷೆ ಮಾಡಿಸಿ. ಮೊದಲೇ ತಿಳಿದಿದ್ದರೆ ವೈದ್ಯರು ರೋಕುರೋನಿಯಂನಂಥ ಬೇರೆ ಔಷಧ ಬಳಸಬಲ್ಲರು.