ಜಿರಳೆಗೆ ಶತ್ರು ಯಾರು? ನಿಮ್ಮ ಮನೆ ಗೋಡೆ ಮೇಲೇ ಇದ್ದಾರೆ ನೋಡಿ

ಮೈಸೂರು: ರಾತ್ರಿ ಅಡುಗೆಮನೆ ಲೈಟ್ ಹಾಕಿದ ತಕ್ಷಣ ಸಿಂಕ್ ಕೆಳಗೆ ಸರ್ರನೆ ಓಡೋ ಜಿರಳೆ ಕಂಡರೆ ಕೈಗೆ ಮೊದಲು ಸಿಗೋದು ಪೊರಕೆ, ಆಮೇಲೆ ಸ್ಪ್ರೇ. ಆದರೆ ಜಿರಳೆ ತಿಂದು ಬದುಕುವ ಜೀವಿಗಳು ನಮ್ಮ ಮನೆ, ಮೋರಿ, ಹಿತ್ತಲಲ್ಲೇ ಇವೆ. ಅವು ಯಾವುವು, ಅವನ್ನು ಎಷ್ಟು ನೆಚ್ಚಿಕೊಳ್ಳಬಹುದು ಅನ್ನೋ ಮಾಹಿತಿ ಇಲ್ಲಿದೆ.

ಮೊದಲು ಯಾವ ಜಿರಳೆ ನೋಡಿ

ನಗರದಲ್ಲಿ ಹೆಚ್ಚು ಕಾಟ ಕೊಡೋದು ಎರಡು ಜಾತಿ. ಕೆಂಗಂದು ಬಣ್ಣದ ದೊಡ್ಡದು ಅಮೆರಿಕನ್ ಜಿರಳೆ. ಮೋರಿ, ಯುಜಿಡಿ ಮ್ಯಾನ್‌ಹೋಲ್, ಬಚ್ಚಲು ಇದರ ಜಾಗ. ಅರ್ಧ ಇಂಚಿನ, ಕತ್ತಿನ ಹಿಂದೆ ಎರಡು ಕಪ್ಪು ಗೆರೆ ಇರೋದು ಜರ್ಮನ್ ಜಿರಳೆ. ಇದು ಫ್ರಿಜ್ ಹಿಂದೆ, ಮಿಕ್ಸಿ ತಳ, ಬೇಕರಿ ಶೋಕೇಸ್ ಸಂದಿಯಲ್ಲಿ ಸೇರಿಕೊಳ್ಳುತ್ತೆ.

ತಿನ್ನೋರು ಯಾರು?

ಹಲ್ಲಿ: ಎಲ್ಲರಿಗೂ ಗೊತ್ತಿರೋ ಬೇಟೆಗಾರ. ಸಣ್ಣ ಜಿರಳೆ, ಮರಿಗಳನ್ನು ಹಿಡಿಯುತ್ತೆ. ಹಲ್ಲಿಗೆ ವಿಷ ಇದೆ ಅನ್ನೋದು ಬರೀ ನಂಬಿಕೆ. ಆದರೆ ಅದರ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಹಾಗಾಗಿ ಪಾತ್ರೆ ಮುಚ್ಚಿಡಿ.

ದೊಡ್ಡ ಜೇಡ: ಹಳೇ ಮನೆಗಳ ಗೋಡೆಯಲ್ಲಿ ಅಂಗೈ ಅಗಲ ಕಾಲು ಚಾಚಿ ಕೂರುತ್ತೆ. ಬೇಟೆಗೆ ಬಲೆ ಕಟ್ಟಲ್ಲ, ಓಡಿಸಿಕೊಂಡು ಹೋಗಿ ಹಿಡಿಯುತ್ತೆ.

ಸುಂಡಿಲಿ: ಉದ್ದ ಮೂತಿ, ಕೆಟ್ಟ ವಾಸನೆ. ಇಲಿ ಅಂತ ಹೊಡೀತಾರೆ, ಆದರೆ ಇದು ಇಲಿ ಜಾತಿಯೇ ಅಲ್ಲ. ಮುಖ್ಯ ಆಹಾರ ಹುಳಹುಪ್ಪಟೆ. ನೆಲಗಪ್ಪೆ, ಕೋಳಿ, ಜರಿ ಕೂಡ ಜಿರಳೆ ತಿನ್ನುತ್ತವೆ.

ಪಚ್ಚೆ ಬಣ್ಣದ ಕಣಜ: ಹೊಳೆಯೋ ಹಸಿರು ಮೈ, ಕೆಂಪು ತೊಡೆ. ದೊಡ್ಡ ಜಿರಳೆಗೆ ಎರಡು ಸಲ ಚುಚ್ಚುತ್ತೆ. ಮೊದಲ ಚುಚ್ಚಿಗೆ ಮುಂಗಾಲು ಸೋಲುತ್ತೆ, ಎರಡನೇದು ನೇರ ಮಿದುಳಿಗೆ. ಆಮೇಲೆ ಜಿರಳೆಗೆ ಓಡಬೇಕು ಅನ್ನೋ ಬುದ್ಧಿಯೇ ಇರಲ್ಲ. ಕಣಜ ಮೀಸೆ ಹಿಡಿದು ಬಿಲಕ್ಕೆ ನಡೆಸಿಕೊಂಡು ಹೋಗಿ, ಕಾಲಿನ ಮೇಲೆ ಮೊಟ್ಟೆ ಇಡುತ್ತೆ. ಹುಟ್ಟಿದ ಮರಿಹುಳ ಜಿರಳೆಯನ್ನು ಒಳಗಿಂದ ತಿಂದು ಮುಗಿಸುತ್ತೆ. 1941ರಲ್ಲಿ ಹವಾಯಿ ದ್ವೀಪಕ್ಕೆ ಇದನ್ನು ಬೇಕಂತಲೇ ತಂದು ಬಿಟ್ಟಿದ್ದರು. ಜಿರಳೆ ಕಾಟ ಹತೋಟಿಗೆ ಬರಲಿಲ್ಲ.

ಕಪ್ಪು ಕಣಜ: ಕಿಟಕಿ ಗಾಜಿನ ಮೇಲೆ ಪುಟ್ಟ ಹೊಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಓಡಾಡುತ್ತೆ. ಮನುಷ್ಯರಿಗೆ ಕಚ್ಚಲ್ಲ. ದೊಡ್ಡ ಜಿರಳೆಯ ಅಲಸಂದೆ ಕಾಳಿನಂಥ ಮೊಟ್ಟೆ ಚೀಲದಲ್ಲಿ ಸುಮಾರು 14ರಿಂದ 16 ಮೊಟ್ಟೆ ಇರುತ್ತವೆ. ಈ ಕಣಜದ ಒಂದೇ ಮರಿ ಅಷ್ಟನ್ನೂ ತಿನ್ನುತ್ತೆ. ಇದು ಮನೆಯಲ್ಲಿ ಕಂಡರೆ ಹತ್ತಿರದಲ್ಲೇ ಜಿರಳೆ ಇದೆ ಅಂತಾನೇ ಅರ್ಥ.

ಅಂಗಡಿಯವರು ಗಮನಿಸಿ

ಜರ್ಮನ್ ಜಿರಳೆ ಮೊಟ್ಟೆ ಒಡೆಯೋ ಹೊತ್ತಿನವರೆಗೂ ಚೀಲವನ್ನು ಮೈಗೇ ಅಂಟಿಸಿಕೊಂಡು ತಿರುಗುತ್ತೆ. ಅದಕ್ಕೇ ಕಪ್ಪು ಕಣಜದ ಆಟ ಇಲ್ಲಿ ನಡೆಯಲ್ಲ. ಒಂದು ಚೀಲದಲ್ಲಿ 30ರಿಂದ 40 ಮೊಟ್ಟೆ. ಹಲ್ಲಿ ದಿನಾ ನಾಲ್ಕು ತಿಂದರೂ ಲೆಕ್ಕ ಸರಿಹೋಗಲ್ಲ. ಜೊತೆಗೆ, ಆಹಾರ ಮಾರುವವರು ಕೀಟ ನಿಯಂತ್ರಣ ಮಾಡಲೇಬೇಕು ಅಂತ 2011ರ ಆಹಾರ ಲೈಸೆನ್ಸ್ ನಿಯಮಗಳ 4ನೇ ಅನುಸೂಚಿ ಹೇಳುತ್ತೆ. ಹೋಟೆಲ್ ಅಡುಗೆಮನೆಯಲ್ಲಿ ಹಲ್ಲಿ, ಸುಂಡಿಲಿ ಇರೋದೂ ತಪ್ಪೇ.

ಏನು ಮಾಡಬೇಕು?

* ರಾತ್ರಿ ಬಾಗಿಲು ಹಾಕುವ ಮುಂಚೆ ಎಂಜಲು, ನೀರಿನ ಪಸೆ ಒರೆಸಿ. ಕಸದ ಬುಟ್ಟಿ ಖಾಲಿ ಮಾಡಿ.
* ರಟ್ಟಿನ ಡಬ್ಬಗಳನ್ನು ಗುಡ್ಡೆ ಹಾಕಬೇಡಿ. ಮಾಲಿನ ಜೊತೆ ಜಿರಳೆ ಬರೋದೂ ಇದರಲ್ಲೇ.
* ಬಚ್ಚಲು, ಸಿಂಕ್ ಕಿಂಡಿಗೆ ಜಾಲರಿ ಹಾಕಿಸಿ.
* ಸಣ್ಣ ಜಿರಳೆಗೆ ಸ್ಪ್ರೇಗಿಂತ ಜೆಲ್ ಮೇಲು. ಸಂದಿಗಳಲ್ಲಿ ಚುಕ್ಕಿ ಚುಕ್ಕಿಯಾಗಿ ಇಡಿ. ಅದರ ಹತ್ತಿರ ಸ್ಪ್ರೇ ಹೊಡೆದರೆ ಜಿರಳೆ ಜೆಲ್ ಮುಟ್ಟಲ್ಲ.
* ಹಿತ್ತಲು, ಮೋರಿ ಕಡೆ ಕಂಡಕಂಡಲ್ಲಿ ಸ್ಪ್ರೇ ಬೇಡ. ಜಿರಳೆ ಜೊತೆ ಕಣಜ, ಜೇಡವೂ ಸಾಯ್ತವೆ. ಮೋರಿಯಿಂದ ಹೊಸ ಜಿರಳೆ ವಾಪಸ್ ಬರುತ್ತೆ, ಅದನ್ನು ತಿನ್ನೋರು ಅಷ್ಟು ಬೇಗ ಬರಲ್ಲ.