ಕಲ್ಲಿನ ಫೋಟೋ, ಮಂದಿ ಫೋಟೋ

ಹಂಪಿಗೆ ಹೋದವ್ರು ಯಾರಾದ್ರೂ ಕಲ್ಲಿನ ರಥದ ಮುಂದ ನಿಂತು ಫೋಟೋ ತಗಸ್ಕೊಳ್ಳದ ಬಂದಾರೇನ್ರಿ ಅಕ್ಕಾರ? ಹೋಗದವ್ರು ಹೊಸಾ 50 ರೂಪಾಯಿ ನೋಟು ತಿರುವಿ ನೋಡಿದ್ರೂ ಸಾಕು, ಅಲ್ಲೇ ಐತಿ. ಆದ್ರ ಆ ರಥದ ಮ್ಯಾಲ ಒಂದು ಕಾಲಕ್ಕ ಇಟ್ಟಂಗಿಯ ಗೋಪುರ ಇತ್ತು ಅನ್ನೂದು ಭಾಳ ಮಂದಿಗೆ ಗೊತ್ತಿಲ್ಲ. ಈಗ ಅದು ಇಲ್ಲ. ಇತ್ತು ಅಂತ ಕಣ್ಣಿಗೆ ತೋರಸೂದು ಒಂದು ಹಳೇ ಫೋಟೋ.

ಅದನ್ನ ತಗದಾಂವ ಅಲೆಕ್ಸಾಂಡರ್ ಗ್ರೀನ್‌ಲಾ ಅಂತ, ಮದ್ರಾಸ್ ಸೈನ್ಯದ ಅಧಿಕಾರಿ. 1856ರ ಮಾತಿದು. ಆಗ ಫಿಲ್ಮ್ ರೀಲು ಸೈತ ಇರಲಿಲ್ಲ. ಕಾಗದಕ್ಕ ಮೇಣ ಹಿಡಿಸಿ, ಬೆಳ್ಳಿ ಸೇರಿದ ರಾಸಾಯನಿಕ ಹಚ್ಚಿ, ಅದನ್ನ ದೊಡ್ಡ ಕ್ಯಾಮೆರಾದಾಗ ಇಡ್ತಿದ್ರು. ಮೇಣ ಯಾಕಂದ್ರ, ಭಜಿ ಕಟ್ಟಿದ ಕಾಗದಕ್ಕ ಎಣ್ಣಿ ಹತ್ತಿದ್ರ ಬೆಳಕು ಆರಪಾರ ಕಾಣಸ್ತೈತಲ್ಲ, ಹಂಗ. ಆ ನೆಗೆಟಿವ್‌ನಿಂದ ಬೆಳಕು ಹಾಯಿಸಿ ಇನ್ನೊಂದು ಕಾಗದದ ಮ್ಯಾಲ ಚಿತ್ರ ಇಳಸ್ತಿದ್ರು. ಬಿಸಲಾಗ ಇದನ್ನೆಲ್ಲಾ ಹೊತ್ಕೊಂಡು ಗುಂಡು, ಮುಳ್ಳುಕಂಟಿ ದಾಟಿ ಹೋಗೂದಂದ್ರ ಸಣ್ಣ ಮಾತಲ್ಲ.

ಒಂದು ಫೋಟೋಕ್ಕ ನಿಮಿಷಗಟ್ಟಲೆ ಕ್ಯಾಮೆರಾ ತೆರದಿಡಬೇಕಾಗ್ತಿತ್ತು. ಕಲ್ಲು ಅಲುಗಾಡೂದಿಲ್ಲ, ಚೊಲೋ ಮೂಡ್ತಿತ್ತು. ಆದ್ರ ಮುಂದ ಕೊಡ ಹೊತ್ತು ಹಾದುಹೋದ ಹೆಣ್ಮಗಳು, ಮೇಯ್ಕೋಂತ ಹೊಂಟ ಆಕಳ, ಇವ್ಯಾವೂ ಕಾಗದದ ಮ್ಯಾಲ ನಿಲ್ತಿರಲಿಲ್ಲ. ಆ ಕಾಲದ ಫೋಟೋ ನೋಡಿದ್ರ ಊರಾಗ ಮಂದೀನ ಇರಲಿಲ್ಲೇನೋ ಅನಸ್ತೈತಿ. ಇದ್ರು, ಆದ್ರ ನಡೆದಾಡ್ತಿದ್ರು, ಅಷ್ಟ.

1983ರಾಗ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅನ್ನೂ ಛಾಯಾಗ್ರಾಹಕ ಹಂಪಿಗೆ ಬಂದು, ಗ್ರೀನ್‌ಲಾ ಎಲ್ಲೆಲ್ಲಿ ನಿಂತಿದ್ನೋ ಅದೇ ಜಾಗಾ ಹುಡುಕಿ, ಅಲ್ಲಿಂದನ ಮತ್ತ ಫೋಟೋ ತಗದ. ಎರಡೂ ಬಾಜುಬಾಜು ಇಟ್ಟು ನೋಡಿದ್ರ ಏನು ಹೋತು, ಏನು ಉಳೀತು ತಿಳೀತೈತಿ. ರಥದ ಗೋಪುರ ಹೋಗಿದ್ದೂ ಹಿಂಗನ ಕಣ್ಣಿಗೆ ಕಾಣತೈತಿ.

ಮಂದಿ ಬದುಕಿನ ಲೆಕ್ಕ ಇಟ್ಟಾಂವ ಯಾರು ಅಂದ್ರ, ಕ್ಯಾಮೆರಾನ ಇರದ ಕಾಲದಾಗ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸ್. ಕೃಷ್ಣದೇವರಾಯನ ಕಾಲಕ್ಕ, 1520ರ ಸುಮಾರಿಗೆ ಬಂದಾಂವ. ಅರಮನಿ, ಗುಡಿ ಅಷ್ಟ ಅಲ್ಲ, ಬುಟ್ಟಿ ಹಂಗ ದುಂಡಗಿರೂ ಹರಿಗೋಲದಾಗ ಮಂದಿ ಹೊಳಿ ದಾಟೂದನ್ನೂ ಬರದಿಟ್ಟಾನ. ಅಂಥಾ ಹರಿಗೋಲು ಇವತ್ತೂ ತುಂಗಭದ್ರೆಯೊಳಗ ಅದಾವ.

ಈಗ ನಮ್ಮ ಕಾಲಕ್ಕ ಬರ್ರಿ. ವಿರೂಪಾಕ್ಷ ಗುಡಿ ಮುಂದಿನ ಬಜಾರದ ಸಾಲುಮಂಟಪದಾಗ ಎಷ್ಟೋ ಕುಟುಂಬ ವರ್ಷಾನುಗಟ್ಟಲೆ ಬಾಳೇವು ಮಾಡ್ಕೊಂಡಿದ್ವು. ಅಲ್ಲೇ ಅಂಗಡಿ, ಅಲ್ಲೇ ಒಲಿ. 2011ರ ಜುಲೈದಾಗ ಅವ್ರನ್ನ ಎಬ್ಬಿಸಿ, ಕಟ್ಕೊಂಡಿದ್ದನ್ನ ಕೆಡವಿದ್ರು. ಸ್ಮಾರಕ ಉಳೀಬೇಕು ಅನ್ನೂದೂ ಖರೇ, ಮಂದಿ ಬಾಳೇವೂ ಇತಿಹಾಸನ ಅನ್ನೂದೂ ಖರೇ. ಈಗ ಹೋದ್ರ ಬರೀ ಕಂಬ ಕಾಣತಾವ. ಆ ಒಲಿ, ಬಾಗಿಲ ಮುಂದಿನ ರಂಗೋಲಿ, ಹಗ್ಗದ ಮ್ಯಾಲಿನ ಸೀರಿ ಕಾಣಬೇಕಂದ್ರ ಆಗ ಬಂದು ಹೋದ ಪ್ರವಾಸಿಗರ ಫೋಟೋನ ಹುಡುಕಬೇಕು. ಕಲ್ಲಿನ ರಥದ ಫೋಟೋ ಲಕ್ಷಗಟ್ಟಲೆ ಸಿಗತಾವ. ಒಲಿ ಫೋಟೋ ಎಷ್ಟು ಸಿಗತಾವ, ನೀವ ಹೇಳ್ರಿ.

ಅದಕ್ಕ ನನ್ನ ಮಾತಿಷ್ಟು. ಯಾವುದೇ ಊರಿಗೆ ಹೋಗ್ರಿ, ಗುಡಿ ಮುಂದ ನಿಂತು ನಿಮ್ಮ ಫೋಟೋ ತಗಸ್ಕೋರಿ, ಬ್ಯಾಡ ಅನ್ನೂದಿಲ್ಲ. ಆಮ್ಯಾಲ ಒಂದೀಟು ಬಾಜು ಸರದು ಹೂ ಕಟ್ಟಾಕಿ, ಬಾಳಿಹಣ್ಣಿನ ಗಾಡಿ, ಹೊಳಿ ದಂಡಿ ಮ್ಯಾಲ ಒಣಗಾಕಿದ ಅರಬಿ, ಇವನ್ನೂ ತಗೀರಿ. ಮಂದಿ ಮಾರಿ ತಗಿಯೂ ಮುಂಚೆ ಒಂದು ಮಾತು ಕೇಳ್ರಿ. ಒಲ್ಲೆ ಅಂದ್ರ ಬಿಟ್ಟುಬಿಡ್ರಿ. ಸ್ನಾನದ ಘಟ್ಟದ ಕಡೆ ಕ್ಯಾಮೆರಾ ತಿರುಗಿಸಲೇಬ್ಯಾಡ್ರಿ. ಮನಿಗೆ ಬಂದ ಮ್ಯಾಲ ಊರು, ತಾರೀಖು, ಏನು ಕೆಲಸ ನಡದಿತ್ತು ಅನ್ನೂದನ್ನ ಜೋಡಿಗೆ ಬರದಿಡ್ರಿ. ಹೆಸರಿಲ್ಲದ ಫೋಟೋ ಹೆಸರು ಬರೀದ ಉಪ್ಪಿನಕಾಯಿ ಭರಣಿ ಇದ್ದಂಗ: ಇಟ್ಟಾಕಿಗಷ್ಟ ಗೊತ್ತು, ಮುಂದಿನವ್ರಿಗೆ ತಿಳಿಯೂದಿಲ್ಲ.